ಹೆರಾಲ್ಡ್ ಕಾರಿನ ವೈಪರ್ ಗುಂಡಿ

ದೊಡ್ಡಪ್ಪನ ಹೆರಾಲ್ಡ್ ಕಾರಿನ ವೈಪರ್ ಎಂದೂ ಗಾಜಿನ ನಡುವೆ ನಿಂತದ್ದಿಲ್ಲ. ಕೈಕೊಟ್ಟಾಗಲೂ ಅದು ಬೀಸುತ್ತಿದ್ದ ಸುತ್ತನ್ನು ಪೂರ್ತಿ ಮುಗಿಸಿ, ಗಾಜಿನ ಬುಡಕ್ಕೆ ಬಂದು ಮಲಗುತ್ತಿತ್ತು. ಮಳೆಯಲ್ಲಿ ಗಾಡಿ ಓಡಿಸುವವರಿಗೆ ಇದರಿಂದ ಏನೂ ಲಾಭವಿಲ್ಲ, ಎಲ್ಲಿ ನಿಂತರೂ ರಸ್ತೆ ಕಾಣುವುದಿಲ್ಲ. ಆದರೆ ರಿಪೇರಿಗೆ ಕೂತವರಿಗೆ ಇದಕ್ಕಿಂತ ಒಳ್ಳೆಯ ಸುಳಿವು ಸಿಗಲಾರದು. 1984ರ ಮಳೆಗಾಲದಲ್ಲಿ ಈ ಸುಳಿವನ್ನು ಹಿಡಿದು ಒಂದು ಪುಟ್ಟ ಸ್ವಿಚ್ಚನ್ನು ಬಿಚ್ಚಿ ಸರಿಮಾಡಿದ್ದು ನನ್ನ ಬದುಕಿನ ದೊಡ್ಡ ಸಂತೋಷಗಳಲ್ಲಿ ಒಂದು. ಆಮೇಲೆ ಎಷ್ಟೋ ಯಂತ್ರಗಳನ್ನು ಬಿಚ್ಚಿದ್ದೇನೆ. ಆದರೆ ಯಂತ್ರದ ಮಾತನ್ನು ಕೇಳಿಸಿಕೊಳ್ಳುವುದು ಹೇಗೆ ಎಂದು ಕಲಿತದ್ದು ಆ ಗುಂಡಿಯಿಂದಲೇ.

ದೊಡ್ಡಪ್ಪನ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ, ಟಾರು ಬಿಟ್ಟು ಸ್ವಲ್ಪ ಒಳಗೆ. ಅಡಿಕೆ ತೋಟ, ಒಂದಿಷ್ಟು ಗದ್ದೆ, ಹೆಂಚಿನ ಮನೆ, ಮನೆಯ ಪಕ್ಕದಲ್ಲಿ ಸೋಗೆ ಹೊದೆಸಿದ ಕಾರಿನ ಕೊಟ್ಟಿಗೆ. ಕಾರು ಕೆನೆ ಬಣ್ಣದ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಆ ಕಾಲದಲ್ಲಿ ನಮ್ಮ ಕಡೆ ಕಾರೆಂದರೆ ಮೂರೇ ಜಾತಿ: ಉತ್ತರಪಾರಾದ ಅಂಬಾಸಿಡರ್, ಮುಂಬಯಿಯ ಫಿಯೆಟ್, ಮದರಾಸಿನ ಹೆರಾಲ್ಡ್. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ಹೆರಾಲ್ಡ್ ತಯಾರಿಸತೊಡಗಿತು. ಮೂಲ ಗಾಡಿ ಇಂಗ್ಲೆಂಡಿನ ಕವೆಂಟ್ರಿಯದು, 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡ್. ಅದರ ರೂಪ ಬರೆದವರು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಅಂಬಾಸಿಡರಿನ ಗಾತ್ರವಿಲ್ಲ, ಫಿಯೆಟ್ಟಿನ ಚುರುಕಿಲ್ಲ, ಆದರೆ ಚೆಲುವಿನಲ್ಲಿ ಎರಡೂ ಇದರ ಹತ್ತಿರ ಬರಲಾರವು ಎಂದು ನಾನು ಇಂದಿಗೂ ನಂಬುತ್ತೇನೆ. ಇಪ್ಪತ್ತೈದು ಅಡಿ ಅಗಲದ ಜಾಗದೊಳಗೆ ಅದು ಪೂರಾ ಒಂದು ಸುತ್ತು ತಿರುಗುತ್ತಿತ್ತು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಬಸ್ಸಿನವರು ಹಿಂದೆ ಮುಂದೆ ಮಾಡಿಕೊಂಡು ತಿರುಗಿಸುವಾಗ ದೊಡ್ಡಪ್ಪ ಒಂದೇ ಹಿಡಿತದಲ್ಲಿ ಹೊರಳಿಸಿಬಿಡುತ್ತಿದ್ದರು.

ಹೆರಾಲ್ಡಿನ ಇನ್ನೊಂದು ವಿಶೇಷ ಅದರ ಬಾನೆಟ್ಟು. ಬೇರೆ ಕಾರುಗಳಲ್ಲಿ ಬಾನೆಟ್ಟೆಂದರೆ ಮೇಲಿನ ಮುಚ್ಚಳ ಮಾತ್ರ. ಇದರಲ್ಲಿ ಮಡ್‌ಗಾರ್ಡು, ಹೆಡ್‌ಲೈಟು ಎಲ್ಲ ಸೇರಿ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಎಂಜಿನ್ನು, ಮುಂದಿನ ಸಸ್ಪೆನ್ಷನ್ನು, ವೈಪರ್ ಮೋಟಾರು ಎಲ್ಲವೂ ಕೈಗೆ ಸಿಗುತ್ತವೆ. ಮುಂದಿನ ಟೈರಿನ ಮೇಲೆ ಕೂತೇ ಕೆಲಸ ಮಾಡಬಹುದು. ನಾನು ಚಿಕ್ಕವನಿದ್ದಾಗಲೇ ದೊಡ್ಡಪ್ಪ ನನ್ನನ್ನು ಆ ಟೈರಿನ ಮೇಲೆ ಕೂರಿಸಿ ಪ್ಲಗ್ಗು ಒರೆಸಲು, ಪಾಯಿಂಟ್ ಉಜ್ಜಲು ಕಲಿಸಿದ್ದರು. ಇಂಗ್ಲೆಂಡಿನ ಕಂಪನಿಗೆ ಅಖಂಡವಾದ ಬಾಡಿ ಮಾಡಿಕೊಡುವ ಕಾರ್ಖಾನೆ ಸಿಗದೆ, ಚಾಸಿಯ ಮೇಲೆ ಬಾಡಿಯನ್ನು ತುಂಡು ತುಂಡಾಗಿ ಬೋಲ್ಟು ಹಾಕಿ ಕಟ್ಟುವ ದಾರಿ ಹಿಡಿದರು ಎಂದು ಆಮೇಲೆ ಓದಿ ತಿಳಿದೆ. ಬಾಡಿ ಮಾಡಿಕೊಡುತ್ತಿದ್ದ ಕಾರ್ಖಾನೆಯನ್ನು ಪ್ರತಿಸ್ಪರ್ಧಿ ಕಂಪನಿ ಕೊಂಡುಬಿಟ್ಟಿತ್ತಂತೆ. ಆ ಅಡಚಣೆಯಿಂದ ಹುಟ್ಟಿದ ಗಾಡಿ ಬಿಚ್ಚುವವರಿಗೆ ಇಷ್ಟು ಅನುಕೂಲವಾಗಿ ಒದಗಿತು.

1984ರ ಹೊತ್ತಿಗೆ ಹೆರಾಲ್ಡ್ ಹಳೆಯ ಗಾಡಿಯಾಗಿತ್ತು. ಹಿಂದಿನ ಡಿಸೆಂಬರಿನಲ್ಲಿ ಮಾರುತಿ 800 ಬಂದಿತ್ತು, ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಅದರದೇ ಮಾತು. ಮದರಾಸಿನಲ್ಲಿ ಹೆರಾಲ್ಡ್ ನಿಂತು, ಅದರ ನಂತರ ಬಂದ ಗೆಝೆಲ್ ಕೂಡ ನಿಂತು ವರ್ಷಗಳಾಗಿದ್ದವು. ಸ್ಪೇರ್ ಬೇಕೆಂದರೆ ಬೆಂಗಳೂರಿನ ಜೆ.ಸಿ. ರೋಡಿಗೋ ಶಿವಾಜಿನಗರದ ಗುಜರಿಗೋ ಹೋಗಬೇಕಿತ್ತು. ಆದರೂ ದೊಡ್ಡಪ್ಪ ಗಾಡಿ ಮಾರುವ ಮಾತೆತ್ತಿರಲಿಲ್ಲ. ಅವರಿಗೆ ಅದು ಆಗ ಬೇಕೇ ಬೇಕಿತ್ತು. ದೊಡ್ಡಮ್ಮನನ್ನು ಚಿಕಿತ್ಸೆಗೆಂದು ಮಣಿಪಾಲಕ್ಕೆ ಆಗಾಗ ಕರೆದುಕೊಂಡು ಹೋಗಬೇಕಾಗುತ್ತಿತ್ತು. ಆಗುಂಬೆ ದಾಟಿ, ಘಾಟಿ ಇಳಿದು, ಸೋಮೇಶ್ವರ, ಹೆಬ್ರಿಯ ಮೇಲೆ ಹೋಗುವ ದಾರಿ ಅದು. ಬಸ್ಸಿನಲ್ಲಿ ಕೂರುವ ಶಕ್ತಿ ಅವರಿಗಿರಲಿಲ್ಲ.

ಆಗುಂಬೆಯ ಮಳೆ ಎಂಥದೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಬೀಳುವ ಊರು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ನಡುವೆಯೇ. ಜುಲೈ ಆಗಸ್ಟಿನಲ್ಲಿ ಅಲ್ಲಿ ಹನಿ ಎಣಿಸುವ ಮಳೆ ಬರುವುದಿಲ್ಲ, ಸುರಿಯುತ್ತದೆ ಅಷ್ಟೆ. ಮೇಲಿಂದ ಮಂಜು. ವೈಪರ್ ನಿಂತ ಕ್ಷಣವೇ ಗಾಜು ಕುರುಡಾಗುತ್ತದೆ. ಎದುರಿನಿಂದ ಲಾರಿ ಬಂದರೆ ಎರಡು ಹಳದಿ ಕಲೆಗಳು ಕಾಣುತ್ತವೆ, ಅವು ಎಷ್ಟು ದೂರದಲ್ಲಿವೆ ಎಂದು ತಿಳಿಯುವುದಿಲ್ಲ.

ವೈಪರ್ ಕೈಕೊಡತೊಡಗಿದ್ದು ಆ ವರ್ಷದ ಮೊದಲ ಮಳೆಗೇ. ಡ್ಯಾಶ್‌ಬೋರ್ಡಿನಲ್ಲಿ ಒಂದು ಕಪ್ಪು ಗುಂಡಿ. ಎಳೆದರೆ ವೈಪರ್ ಚಾಲೂ, ಒತ್ತಿದರೆ ಬಂದ್. ಒಂದೇ ವೇಗ. ಗುಂಡಿ ಎಳೆದರೆ ಕೆಲವು ಸಲ ಏನೂ ಆಗುತ್ತಿರಲಿಲ್ಲ. ಇನ್ನು ಕೆಲವು ಸಲ ನಾಲ್ಕಾರು ಬಾರಿ ಬೀಸಿ ಬುಡದಲ್ಲಿ ಮಲಗುತ್ತಿತ್ತು. ಗುಂಡಿಯನ್ನು ಎಳೆದು, ಕೆಳಕ್ಕೆ ಅದುಮಿ ಹಿಡಿದರೆ ಮಾತ್ರ ಓಡುತ್ತಿತ್ತು. ಅದುಮಿ ಹಿಡಿಯುವ ಕೆಲಸ ದೊಡ್ಡಮ್ಮನ ಪಾಲಿಗೆ ಬಂತು. ಖಾಯಿಲೆಯ ಹೆಂಗಸು, ಮುಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತು, ಘಾಟಿ ಇಳಿಯುವಷ್ಟೂ ಹೊತ್ತು ಎಡಗೈಯಲ್ಲಿ ಬಾಗಿಲ ಹಿಡಿ, ಬಲಗೈಯಲ್ಲಿ ಆ ಗುಂಡಿ. ಕೈ ಸೋತು ಬೆರಳು ಸಡಿಲವಾದರೆ ಗಾಜು ಮುಚ್ಚಿಕೊಳ್ಳುತ್ತಿತ್ತು. ಆಗ ದೊಡ್ಡಪ್ಪ ಕಿಟಕಿಯಿಂದ ತಲೆ ಹೊರಹಾಕಿ ಓಡಿಸುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿ ಕೂತು ಇದನ್ನು ಕಂಡಿದ್ದೇನೆ. ದೊಡ್ಡಮ್ಮ ಒಂದು ಸಲವೂ ಕೈ ನೋಯುತ್ತದೆ ಎನ್ನಲಿಲ್ಲ.

ವೈಪರ್ ಹುಟ್ಟಿದ್ದೂ ಹೀಗೆ ಗಾಜಿನಿಂದ ದಾರಿ ಕಾಣದ ಒಬ್ಬ ಚಾಲಕನನ್ನು ಕಂಡೇ. ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್ ಎಂಬ ಹೆಣ್ಣುಮಗಳು ನ್ಯೂಯಾರ್ಕಿನಲ್ಲಿ ಟ್ರಾಮಿನೊಳಗೆ ಕೂತಿದ್ದಾಗ, ಹಿಮ ಬೀಳುತ್ತಿದ್ದರೂ ಚಾಲಕ ಮುಂದಿನ ಗಾಜು ತೆರೆದಿಟ್ಟುಕೊಂಡು ಓಡಿಸುವುದನ್ನು ನೋಡಿದರಂತೆ. ಒಳಗಿನಿಂದ ಕೈಯಲ್ಲಿ ತಿರುಗಿಸುವ ಹಿಡಿ, ಹೊರಗೆ ರಬ್ಬರಿನ ಪಟ್ಟಿ ಇರುವ ಸಾಧನಕ್ಕೆ 1903ರಲ್ಲಿ ಪೇಟೆಂಟ್ ಪಡೆದರು. ಕಾಸು ಮಾತ್ರ ಅವರಿಗೆ ಸಿಗಲಿಲ್ಲ. ನಮ್ಮ ಹಳೆಯ ಲಾರಿಗಳಲ್ಲೂ ವೈಪರ್ ಮೋಟಾರಿಗೆ ಒಳಗಿನಿಂದ ಒಂದು ಕೈಹಿಡಿ ಇರುತ್ತಿತ್ತು, ಮೋಟಾರು ಕೆಟ್ಟರೆ ಕ್ಲೀನರ್ ಹುಡುಗ ಅದನ್ನು ಆಡಿಸುತ್ತಿದ್ದ. ಹೆರಾಲ್ಡಿನಲ್ಲಿ ಆ ದಾರಿಯೂ ಇರಲಿಲ್ಲ. ಅದರ ಮೋಟಾರಿನಲ್ಲಿ ವರ್ಮ್ ಗೇರ್ ಇದೆ. ಮೋಟಾರು ಗೇರನ್ನು ತಿರುಗಿಸಬಹುದು, ಗೇರು ಮೋಟಾರನ್ನು ತಿರುಗಿಸಲಾರದು. ಬ್ಲೇಡಿಗೆ ಹುರಿ ಕಟ್ಟಿ ಎರಡೂ ಕಿಟಕಿಯಿಂದ ಎಳೆಯುವ ಉಪಾಯವನ್ನು ತೋಟದ ಆಳೊಬ್ಬ ಹೇಳಿದ. ಎಳೆದರೆ ತೋಳು ಮುರಿಯಬಹುದೇ ಹೊರತು ಅಲ್ಲಾಡುವುದಿಲ್ಲ. ಗಾಜಿಗೆ ಹೊಗೆಸೊಪ್ಪು ಉಜ್ಜುವುದೊಂದು ಉಳಿದಿತ್ತು. ಅದು ಸುಳ್ಳಲ್ಲ, ಹೊಗೆಸೊಪ್ಪಿನ ರಸ ಹಚ್ಚಿದ ಗಾಜಿನ ಮೇಲೆ ನೀರು ಹನಿಯಾಗಿ ನಿಲ್ಲದೆ ತೆಳ್ಳಗೆ ಹರಡಿ ಜಾರುತ್ತದೆ. ಆದರೆ ಆಗುಂಬೆಯ ಮಳೆ ಹೊಗೆಸೊಪ್ಪನ್ನು ಬಹಳ ಹೊತ್ತು ಉಳಿಸುವುದಿಲ್ಲ.

ಪೇಟೆಯಲ್ಲಿ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಸಾಬರಿದ್ದರು, ಡೈನಮೋ ಕಟ್ಟುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ದೊಡ್ಡಪ್ಪ ಗಾಡಿ ತೋರಿಸಿದರು. ಸಾಬರು ಟೆಸ್ಟ್ ಲ್ಯಾಂಪ್ ತಂದರು. ಒಂದು ಚಿಕ್ಕ ಬಲ್ಬು, ಎರಡು ತಂತಿ. ಗುಂಡಿ ಎಳೆದು ಸ್ವಿಚ್ಚಿನ ಮೂಲಕ ಬಲ್ಬು ಹಚ್ಚಿ ನೋಡಿದರು. ಚೆನ್ನಾಗಿ ಉರಿಯಿತು.

"ಸ್ವಿಚ್ ಸರಿ ಇದೆ ಗೌಡ್ರೇ, ಮೋಟಾರೇ ಹೋಗಿದೆ. ಇದರದ್ದು ಸಿಗಾದು ಕಷ್ಟ. ಬೇರೆ ಗಾಡೀದು ಕೂರಿಸಿ ಕೊಡ್ತೀನಿ."

ಅದಕ್ಕೆ ಅವರು ಹೇಳಿದ ಖರ್ಚು ಸಣ್ಣದಲ್ಲ. ಕೊಯ್ಲಿಗೆ ಇನ್ನೂ ತಿಂಗಳುಗಳಿದ್ದವು. ದೊಡ್ಡಪ್ಪ ನೋಡೋಣವೆಂದು ಹೇಳಿ ಮನೆಗೆ ಬಂದರು.

ನಾನು ಆಗ ಶಿವಮೊಗ್ಗದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ, ರಜೆಗೆ ಬಂದಿದ್ದೆ. ಮೋಟಾರು ಹೋಗಿದೆ ಎಂಬ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಮೋಟಾರಿನ ಬ್ರಷ್ಷು ಸವೆದಿದ್ದರೆ, ಸುರುಳಿ ಸುಟ್ಟಿದ್ದರೆ ವೈಪರ್ ಎಲ್ಲಿ ಬೇಕಾದರೂ ನಿಲ್ಲಬೇಕು. ಮೇಲಕ್ಕೇರುವಾಗ, ಅರ್ಧ ದಾರಿಯಲ್ಲಿ, ತುದಿಯಲ್ಲಿ, ಎಲ್ಲಾದರೂ. ಇದು ಬುಡದಲ್ಲೇ ಏಕೆ ನಿಲ್ಲುತ್ತದೆ? ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸಿ, ಗಾಜಿಗೆ ನೀರು ಹೊಯ್ಯುತ್ತ, ಗುಂಡಿ ಎಳೆಯುತ್ತ ನೋಡುತ್ತ ಕೂತೆ. ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಬ್ಲೇಡುಗಳು ಗಾಜಿನ ಮೇಲೆ ಇರುವಷ್ಟು ಹೊತ್ತು ಗಟ್ಟಿಯಾಗಿಯೇ ಓಡುತ್ತಿದ್ದವು. ಬುಡಕ್ಕೆ ಬಂದಾಗ ಮಾತ್ರ ಒಂದು ಕ್ಷಣ ತಡವರಿಸುತ್ತಿದ್ದವು. ಆ ತಡವರಿಕೆ ದಾಟಿದರೆ ಮತ್ತೊಂದು ಸುತ್ತು, ದಾಟದಿದ್ದರೆ ಅಲ್ಲೇ ನಿದ್ದೆ.

ಹೆರಾಲ್ಡಿನ ವೈಪರ್ ಲೂಕಸ್ ಪದ್ಧತಿಯದು. ಮನೆಯ ಬಲ್ಬಿಗೆ ಸ್ವಿಚ್ಚು ಕರೆಂಟು ಬರುವ ದಾರಿಯಲ್ಲಿ ಇರುತ್ತದೆ. ಇಲ್ಲಿ ಹಾಗಲ್ಲ. ಇಗ್ನಿಷನ್ ಕೀ ತಿರುಗಿಸಿದ ಕೂಡಲೇ ಹಸಿರು ತಂತಿಯಲ್ಲಿ ಮೋಟಾರಿನವರೆಗೂ ಕರೆಂಟು ಬಂದು ಕೂತಿರುತ್ತದೆ. ಮೋಟಾರಿನಿಂದ ವಾಪಸು ಹೋಗುವ ದಾರಿಯಲ್ಲಿ ಸ್ವಿಚ್ಚು ಇರುತ್ತದೆ. ಗುಂಡಿ ಎಳೆದರೆ ಆ ದಾರಿ ಗಾಡಿಯ ಬಾಡಿಗೆ, ಎಂದರೆ ಅರ್ತಿಂಗಿಗೆ, ಕೂಡಿಕೊಳ್ಳುತ್ತದೆ, ಮೋಟಾರು ತಿರುಗುತ್ತದೆ. ಜಾಣತನ ಇರುವುದು ಇನ್ನೊಂದು ಕಡೆ. ಮೋಟಾರಿನ ಗೇರ್ ಪೆಟ್ಟಿಗೆಯ ಗುಮ್ಮಟದ ಆಕಾರದ ಮುಚ್ಚಳದೊಳಗೆ ಎರಡನೆಯದೊಂದು ಪುಟ್ಟ ಸ್ವಿಚ್ಚಿದೆ. ಬ್ಲೇಡುಗಳು ಗಾಜಿನ ಮೇಲೆ ಎಲ್ಲಿದ್ದರೂ ಅದು ಅರ್ತಿಂಗಿಗೆ ಕೂಡಿಕೊಂಡೇ ಇರುತ್ತದೆ. ಬ್ಲೇಡುಗಳು ಬುಡಕ್ಕೆ ಬಂದಾಗ ಮಾತ್ರ ಬಿಟ್ಟುಕೊಳ್ಳುತ್ತದೆ. ನಾವು ಗುಂಡಿ ಒತ್ತಿ ಬಂದ್ ಮಾಡಿದಾಗ ಬ್ಲೇಡು ನಡುಗಾಜಿನಲ್ಲಿದ್ದರೂ ಮೋಟಾರಿಗೆ ಈ ಎರಡನೆಯ ದಾರಿ ಇದೆ. ಅದರ ಬಲದಿಂದ ಬುಡದವರೆಗೆ ಬರುತ್ತದೆ, ಬಂದ ಮೇಲೆ ಆ ದಾರಿಯೂ ಕಡಿದು ನಿಲ್ಲುತ್ತದೆ. ಎಲೆಕ್ಟ್ರಾನಿಕ್ಸಿನ ಹೆಸರಿಲ್ಲ, ರಿಲೇ ಇಲ್ಲ, ಒಂದು ಹಿತ್ತಾಳೆ ಪಟ್ಟಿ, ಒಂದು ಗೇರು ಚಕ್ರ. ಇದನ್ನು ಯೋಚಿಸಿದವರ ಬುದ್ಧಿಗೆ ನಾನು ಅಂದೂ ಕೈಮುಗಿದೆ, ಇಂದೂ ಮುಗಿಯುತ್ತೇನೆ.

ಹಾಗಾದರೆ ಗಾಜಿನ ಮೇಲೆ ಓಡುವಾಗ ಮೋಟಾರಿಗೆ ಎರಡು ದಾರಿ, ಬುಡದಲ್ಲಿ ಒಂದೇ ದಾರಿ. ಆ ಒಂದು ದಾರಿ ಡ್ಯಾಶ್‌ಬೋರ್ಡಿನ ಗುಂಡಿ. ಗಾಜಿನ ಮೇಲೆ ಗಟ್ಟಿಯಾಗಿ ಓಡುವ ಮೋಟಾರು ಬುಡದಲ್ಲಿ ಮಾತ್ರ ತಡವರಿಸುತ್ತದೆ ಎಂದರೆ ಮೋಟಾರು ಚೆನ್ನಾಗಿದೆ, ಗುಂಡಿ ಕೆಟ್ಟಿದೆ. ಹಸಿರು ತಂತಿಯ ಮೇಲೂ ಅನುಮಾನ ಬೇಕಿರಲಿಲ್ಲ. ಅದೇ ಹಸಿರಿನಿಂದ ಕರೆಂಟು ಪಡೆಯುವ ಪೆಟ್ರೋಲ್ ಮುಳ್ಳು, ಬ್ರೇಕ್ ಲೈಟು, ಇಂಡಿಕೇಟರು ಎಲ್ಲವೂ ಸರಿಯಾಗಿದ್ದವು.

ಸಾಬರ ಬಲ್ಬು ಏಕೆ ಉರಿಯಿತು? ಇದನ್ನು ಯೋಚಿಸುವಾಗ ನನಗೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಬಾಯಿಪಾಠ ಮಾಡಿದ ಓಮ್‌ನ ನಿಯಮ ಮೊದಲ ಸಲ ನಿಜವಾಗಿ ಅರ್ಥವಾಯಿತು. ಟೆಸ್ಟ್ ಲ್ಯಾಂಪಿನ ಮೂರು ವ್ಯಾಟಿನ ಬಲ್ಬಿಗೆ ಕಾಲು ಆಂಪಿಯರ್ ಸಾಕು. ಸ್ವಿಚ್ಚಿನೊಳಗೆ ಕಿಲುಬು ಹಿಡಿದು ಎರಡು ಓಮ್ ತಡೆ ಇದ್ದರೂ ಅಲ್ಲಿ ಕಳೆದುಹೋಗುವುದು ಅರ್ಧ ವೋಲ್ಟ್ ಮಾತ್ರ. ಹನ್ನೆರಡು ವೋಲ್ಟಿನಲ್ಲಿ ಅರ್ಧ ವೋಲ್ಟ್ ಹೋದರೆ ಬಲ್ಬಿನ ಬೆಳಕಿನಲ್ಲಿ ಕಣ್ಣಿಗೆ ವ್ಯತ್ಯಾಸ ಕಾಣದು. ವೈಪರ್ ಮೋಟಾರು ಓಡುವಾಗಲೇ ಸುಮಾರು ಮೂರು ಆಂಪಿಯರ್ ಎಳೆಯುತ್ತದೆ. ನಿಂತಲ್ಲಿಂದ ಹೊರಡುವಾಗ ಇನ್ನೂ ಹೆಚ್ಚು. ಅದೇ ಎರಡು ಓಮ್‌ನಲ್ಲಿ ಆರು ವೋಲ್ಟ್ ಸೋರಿಹೋಗುತ್ತದೆ. ಅರ್ಧ ಬಲದಲ್ಲಿ ಒದ್ದೆ ರಬ್ಬರನ್ನು ಗಾಜಿನ ಮೇಲೆ ಎಳೆಯುವುದು ಮೋಟಾರಿಗೆ ಸಾಧ್ಯವಿಲ್ಲ. ಸಾಬರು ನೋಡಿದ್ದು ತಪ್ಪಲ್ಲ, ಬಲ್ಬು ಹೇಳಿದ್ದೂ ಸುಳ್ಳಲ್ಲ. ಕಡಿಮೆ ಭಾರದ ಪ್ರಶ್ನೆಗೆ ಸ್ವಿಚ್ಚು ಕಡಿಮೆ ಭಾರದ ಉತ್ತರ ಕೊಟ್ಟಿತ್ತು.

ದೊಡ್ಡಪ್ಪನಿಗೆ ಇಷ್ಟೂ ಹೇಳಿದೆ. ಅವರು ಕವಳ ಜಗಿಯುತ್ತ ಕೇಳಿ, "ಹೌದನಾ? ಹಂಗಾರೆ ತೋರ್ಸು ಮಾರಾಯ," ಎಂದರು. ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ, ಸ್ವಿಚ್ಚಿನ ಹಿಂದಿನ ಎರಡು ಟರ್ಮಿನಲ್ಲುಗಳಿಗೆ ಒಂದು ದಪ್ಪ ತಾಮ್ರದ ತಂತಿಯ ಎರಡು ತುದಿ ಮುಟ್ಟಿಸಿದೆ. ದೊಡ್ಡಪ್ಪ ಕೀ ತಿರುಗಿಸಿದರು. ವೈಪರ್ ಎದ್ದು ಬೀಸತೊಡಗಿತು, ಬುಡದಲ್ಲಿ ಒಂದು ಸಲವೂ ತಡೆಯಲಿಲ್ಲ. ನಾನು ಮಲಗಿದಲ್ಲಿಂದ ಗಾಜು ಕಾಣುತ್ತಿರಲಿಲ್ಲ, ರಬ್ಬರಿನ ಸದ್ದು ಕೇಳುತ್ತಿತ್ತು. ದೊಡ್ಡಪ್ಪ, "ಓಡ್ತಾ ಇದೆಯಲ್ಲಾ! ದೊಡ್ಡಮ್ಮನ್ನ ಕರಿ," ಎಂದರು.

ಮರುದಿನ ಸ್ವಿಚ್ಚು ಬಿಚ್ಚಲು ಕೂತೆವು. ಮೊದಲು ಬ್ಯಾಟರಿಯ ತಂತಿ ಕಳಚಿದೆವು. ಹಳೆಯ ಗಾಡಿಯ ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕುವವರು ಇದನ್ನು ಮರೆಯಬಾರದು. ಅಲ್ಲಿನ ತಂತಿಗಳ ಬಟ್ಟೆಯ ಹೊದಿಕೆ ಮುಟ್ಟಿದರೆ ಪುಡಿಯಾಗುತ್ತದೆ. ಗುಂಡಿಯನ್ನು ತಿರುಗಿಸಿದರೆ ಬರುವುದಿಲ್ಲ, ಎಳೆದರೂ ಬರುವುದಿಲ್ಲ. ಅದರ ಕತ್ತಿನ ಕೆಳಭಾಗದಲ್ಲಿ ಒಂದು ಸಣ್ಣ ತೂತು. ಅದರೊಳಗೆ ಸ್ಪ್ರಿಂಗಿನ ಮೇಲೆ ಕೂತ ಒಂದು ಮೊಳೆ. ತೂತಿಗೆ ಸೂಜಿ ತೂರಿಸಿ ಮೊಳೆಯನ್ನು ಒಳಕ್ಕೆ ಒತ್ತಿಕೊಂಡೇ ಗುಂಡಿಯನ್ನು ಎಳೆಯಬೇಕು, ಆಗ ಸಲೀಸಾಗಿ ಕೈಗೆ ಬರುತ್ತದೆ. ಗೊತ್ತಿಲ್ಲದವರು ಇಕ್ಕಳ ಹಾಕಿ ಎಳೆದು ಎಷ್ಟೋ ಗುಂಡಿ ಒಡೆದಿದ್ದಾರೆ. ಗುಂಡಿ ಬಂದ ಮೇಲೆ ಸ್ವಿಚ್ಚನ್ನು ಡ್ಯಾಶ್‌ಬೋರ್ಡಿಗೆ ಬಿಗಿಹಿಡಿದ ದುಂಡನೆಯ ನಟ್ಟು. ಅದಕ್ಕೆ ಆರು ಮೂಲೆಗಳಿಲ್ಲ, ಸ್ಪ್ಯಾನರ್ ಕೂರುವುದಿಲ್ಲ, ಎದುರುಬದುರು ಎರಡು ಕಚ್ಚು ಮಾತ್ರ ಇವೆ. ಸ್ಕ್ರೂಡ್ರೈವರಿನ ತುದಿಯಿಟ್ಟು ಸುತ್ತಿಗೆಯಿಂದ ತಟ್ಟಿ ತಿರುಗಿಸುವವರಿದ್ದಾರೆ. ಕಚ್ಚು ಹಾಳಾಗುತ್ತದೆ, ಡ್ಯಾಶ್‌ಬೋರ್ಡಿಗೆ ಗೀರು ಬೀಳುತ್ತದೆ. ದೊಡ್ಡಪ್ಪ ಅದಕ್ಕೆ ಒಪ್ಪಲಿಲ್ಲ. ಪಂಪ್‌ಸೆಟ್ಟಿನ ವೈರಿಂಗಿನಲ್ಲಿ ಉಳಿದಿದ್ದ ಕಬ್ಬಿಣದ ಕೊಳವೆಯ ತುಂಡು ಹುಡುಕಿ ತಂದು, ಅದರ ಬಾಯನ್ನು ಗರಗಸದಿಂದ ಕೊಯ್ದು, ಅರದಿಂದ ಉಜ್ಜಿ, ಕಚ್ಚಿಗೆ ಸರಿಯಾಗಿ ಕೂರುವ ಎರಡು ಹಲ್ಲು ಬಿಡಿಸಿದರು. ಬೆಳಗಿನ ಹೊತ್ತೆಲ್ಲ ಅದಕ್ಕೇ ಹೋಯಿತು. ಹೊರಗೆ ಮಳೆ, ಕೊಟ್ಟಿಗೆಯಲ್ಲಿ ಅರದ ಸದ್ದು. ಆ ಉಪಕರಣ ತಿರುಗಿಸಿದ ಮೊದಲ ಸಲಕ್ಕೇ ನಟ್ಟು ಸಡಿಲವಾಯಿತು. ಕೆಲಸಕ್ಕಿಂತ ಮೊದಲು ಕೆಲಸದ ಸಾಮಾನು ಮಾಡಿಕೊಳ್ಳುವ ಅವರ ತಾಳ್ಮೆ ನನಗೆ ಅಂದು ಅಷ್ಟಾಗಿ ತಿಳಿಯಲಿಲ್ಲ. ಇಂದು ನನ್ನ ಪೆಟ್ಟಿಗೆಯಲ್ಲಿ ನಾನೇ ಮಾಡಿಕೊಂಡ ಅಂಥ ಎಷ್ಟೋ ಸಾಮಾನುಗಳಿವೆ.

ಕೈಗೆ ಬಂದ ಸ್ವಿಚ್ಚು ಹೆಬ್ಬೆರಳಿನಷ್ಟು ಉದ್ದ. ಕಂದು ಬೇಕಲೈಟಿನ ಒಡಲು, ಹಿಂದೆ ತಂತಿ ಬಿಗಿಯುವ ಎರಡು ಹಿತ್ತಾಳೆ ಸ್ಕ್ರೂ. ಬೇಕಲೈಟ್ ಪ್ಲಾಸ್ಟಿಕ್ಕಿನ ಪೂರ್ವಜ, ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಲಿಯೋ ಬೇಕ್ಲಂಡ್ 1907ರಲ್ಲಿ ಮಾಡಿದ್ದು. ಬಿಸಿಗೆ ಕರಗುವುದಿಲ್ಲ, ಆದರೆ ಸೊಟ್ಟಗೆ ಒತ್ತಿದರೆ ಸೀಳುತ್ತದೆ. ಅರ ತಾಕಿಸಿದರೆ ಕಾರ್ಬಾಲಿಕ್ಕಿನ ವಾಸನೆ ಬರುತ್ತದೆ. ಅದನ್ನು ಹಿಡಿದಿದ್ದ ತಗಡಿನ ಮಡಿಕೆಗಳನ್ನು ಒಂದೊಂದಾಗಿ, ಸ್ವಲ್ಪ ಸ್ವಲ್ಪವೇ ಎಬ್ಬಿಸಿದೆ. ಒಮ್ಮೆಗೇ ನೆಟ್ಟಗೆ ಮಾಡಿದರೆ ತಗಡು ಮುರಿದುಹೋಗುತ್ತದೆ, ಮತ್ತೆ ಮಡಚಲು ಬರುವುದಿಲ್ಲ. ಬಿಚ್ಚುವಾಗ ಕೆಳಗೆ ಬಿಳಿ ಪಂಚೆ ಹಾಸಿಕೊಂಡಿದ್ದೆ. ಒಳಗೆ ಸ್ಪ್ರಿಂಗು ಇದ್ದೇ ಇರುತ್ತದೆ, ಹಾರಿದರೆ ಕೊಟ್ಟಿಗೆಯ ಮಣ್ಣಿನಲ್ಲಿ ಮತ್ತೆ ಸಿಗುವುದಿಲ್ಲ.

ಒಳಗೆ ನೋಡಿದರೆ ನಂಬುವುದೇ ಕಷ್ಟ, ಇಷ್ಟು ಸರಳ. ಹಿತ್ತಾಳೆಯ ಎರಡು ಪಟ್ಟಿಗಳು, ಅವೆರಡನ್ನೂ ಜೋಡಿಸಲು ಸರಿದಾಡುವ ಒಂದು ತುಂಡು, ಅದನ್ನು ಒತ್ತಿಹಿಡಿಯುವ ಸ್ಪ್ರಿಂಗು. ಕಾರ್ಖಾನೆಯಲ್ಲಿ ಹಾಕಿದ ಗ್ರೀಸು ಗಟ್ಟಿಯಾಗಿ ಕಪ್ಪು ಮೇಣವಾಗಿತ್ತು. ಪಟ್ಟಿಗಳ ಮೇಲೆ ಹಸಿರು ಕಿಲುಬು. ಒಂದು ಪಟ್ಟಿ ಸೋತು ಒಳಕ್ಕೆ ಬಾಗಿತ್ತು. ಗುಂಡಿಯನ್ನು ಅದುಮಿದರೆ ಸರಿದಾಡುವ ತುಂಡು ವಾಲಿಕೊಂಡು ಆ ಪಟ್ಟಿಯ ತುದಿಗೆ ತಾಗುತ್ತಿತ್ತು. ದೊಡ್ಡಮ್ಮನ ಬೆರಳು ಅಷ್ಟು ದಿನ ಮಾಡುತ್ತಿದ್ದ ಕೆಲಸ ಅದು.

ಕಿಲುಬು ಹಿಡಿದದ್ದರ ಕಾರಣ ನಮ್ಮ ಹವೆ ಮಾತ್ರವಲ್ಲ. ಮಲೆನಾಡಿನಲ್ಲಿ ವೈಪರ್ ನಾಲ್ಕು ತಿಂಗಳು ಬಿಡುವಿಲ್ಲದೆ ದುಡಿಯುತ್ತದೆ, ಉಳಿದ ತಿಂಗಳು ಗುಂಡಿಯನ್ನು ಯಾರೂ ಮುಟ್ಟುವುದಿಲ್ಲ. ಒಂದಕ್ಕೊಂದು ಉಜ್ಜಿಕೊಳ್ಳುವ ಇಂಥ ಕಾಂಟ್ಯಾಕ್ಟುಗಳು ಬಳಸಿದಷ್ಟೂ ತಮ್ಮನ್ನು ತಾವೇ ತಿಕ್ಕಿಕೊಂಡು ಶುಭ್ರವಾಗಿರುತ್ತವೆ. ಸುಮ್ಮನೆ ಬಿಟ್ಟರೆ ತೇವ ಕೂತು ಕಿಲುಬಾಗುತ್ತದೆ. ಮಳೆಗಾಲದ ಮೊದಲ ದಿನವೇ ವೈಪರ್ ಏಕೆ ಕೈಕೊಡುತ್ತದೆ ಎಂಬುದಕ್ಕೆ ಬೇರೆ ಉತ್ತರ ಹುಡುಕಬೇಕಿಲ್ಲ.

ಪೆಟ್ರೋಲಿನಲ್ಲಿ ತೊಳೆದು ಗ್ರೀಸು ತೆಗೆದೆ. ಕಿಲುಬಿಗೆ ಉಪ್ಪು ಕಾಗದ ತರಬೇಕೆಂದು ನಾನು ಪೇಟೆಯ ಕಡೆ ಹೊರಟಾಗ ದೊಡ್ಡಮ್ಮ ಜಗಲಿಯಿಂದಲೇ, "ಹಿತ್ತಾಳಿ ಅಂದ್ರೆ ಹುಣಿಸೆಹಣ್ಣು ಹಾಕಿ ತಿಕ್ಕಾ, ಅದಕ್ಕೆಂತ ಪೇಟೆಗೆ ಹೋಗದು," ಎಂದರು. ದೇವರ ಸಾಮಾನು ಬೆಳಗಿದ ಅನುಭವ ಅವರದು. ಉಪ್ಪು ಕಾಗದ ಲೋಹವನ್ನು ತಿನ್ನುತ್ತದೆ, ಗೀರು ಬಿಡುತ್ತದೆ, ಆ ಗೀರಿನಲ್ಲಿ ಮತ್ತೆ ತೇವ ಕೂರುತ್ತದೆ. ಹುಣಸೆಯ ಹುಳಿ ಕಿಲುಬನ್ನು ಮಾತ್ರ ತಿನ್ನುತ್ತದೆ, ಹಿತ್ತಾಳೆ ಉಳಿಯುತ್ತದೆ. ದೊಡ್ಡಮ್ಮನೇ ಒಂದು ಬಟ್ಟಲಿನಲ್ಲಿ ಹುಣಸೆಹಣ್ಣು ಕಿವುಚಿ ಕೊಟ್ಟರು. ಆ ಪುಟ್ಟ ಪಟ್ಟಿಗಳನ್ನು ಅವರೇ ಬೆರಳ ತುದಿಯಲ್ಲಿ ಹಿಡಿದು ತಿಕ್ಕಿ, ಮೂಗುತಿ ಹೊಳೆಯುವಂತೆ ಹೊಳೆಯಿಸಿದರು. ಹುಳಿಯ ಅಂಶ ಉಳಿದರೆ ಮತ್ತೆ ಕಿಲುಬು ಬೇಗ ಬರುತ್ತದೆಂದು ಅಡಿಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿ, ಬಿಸಿನೀರಿನಲ್ಲಿ ತೊಳೆದು, ಒಲೆಯ ಪಕ್ಕದಲ್ಲಿ ಒಣಗಿಸಿದೆ. ಬಾಗಿದ ಪಟ್ಟಿಯನ್ನು ತೆಳು ಮೂತಿಯ ಇಕ್ಕಳದಿಂದ ಕೂದಲೆಳೆಯಷ್ಟು ಎತ್ತಿದೆ. ಇಲ್ಲಿ ಆತುರ ಸಲ್ಲದು, ಹಳೆಯ ಹಿತ್ತಾಳೆ ಹೆಚ್ಚು ಬಗ್ಗಿಸಿದರೆ ತುಂಡಾಗುತ್ತದೆ. ವ್ಯಾಸಲೀನನ್ನು ತೆಳ್ಳಗೆ ಸವರಿ, ಸ್ಪ್ರಿಂಗು ಕೂರಿಸಿ, ತಗಡಿನ ಕಿವಿಗಳನ್ನು ಮತ್ತೆ ಮಡಚಿದೆ. ಗುಂಡಿ ಹಾಕದೆ ಬರೀ ಕಡ್ಡಿಯನ್ನು ಎಳೆದು ನೋಡಿದಾಗ ಒಳಗೆ ಒಂದು ಖಚಿತವಾದ 'ಟಕ್' ಸದ್ದು ಬಂತು. ಅದುವರೆಗೆ ಆ ಸದ್ದು ಅದಕ್ಕೆ ಇತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಹೊಸತರಲ್ಲಿ ಹೀಗೇ ಇತ್ತು ಎಂದರು ದೊಡ್ಡಪ್ಪ.

ಗಾಡಿಗೆ ಕೂರಿಸುವಾಗ ಇನ್ನೊಂದು ಕೆಲಸವನ್ನೂ ಮಾಡಿದೆವು. ಸ್ವಿಚ್ಚಿನಿಂದ ಬಾಡಿಗೆ ಹೋಗುವ ಕಪ್ಪು ತಂತಿಯ ತುದಿ ಸ್ಕ್ರೂವಿನ ಕೆಳಗೆ ತುಕ್ಕು ಹಿಡಿದಿತ್ತು. ಆ ಜಾಗವನ್ನು ಹೊಳೆಯುವ ಲೋಹ ಕಾಣುವಷ್ಟು ಕೆರೆದು ಬಿಗಿದೆವು. ಸ್ವಿಚ್ಚೇ ಅರ್ತಿಂಗಿನ ದಾರಿಯಲ್ಲಿರುವ ಗಾಡಿಯಲ್ಲಿ ಈ ಒಂದು ಸ್ಕ್ರೂ ಸ್ವಿಚ್ಚಿನಷ್ಟೇ ಮುಖ್ಯ. ಬ್ಲೇಡುಗಳು ಬಂದು ನಿಲ್ಲುವ ಜಾಗ ಗಾಜಿನ ಅಂಚಿಗಿಂತ ಸ್ವಲ್ಪ ಮೇಲಿತ್ತು. ಬಾನೆಟ್ಟು ಮಗುಚಿ, ಮೋಟಾರಿನ ಗುಮ್ಮಟದ ಸ್ಕ್ರೂಗಳನ್ನು ಸಡಿಲಿಸಿ, ಗುಮ್ಮಟವನ್ನು ಕೊಂಚ ಕೊಂಚ ತಿರುಗಿಸುತ್ತ ನೋಡಿದೆವು. ಅದನ್ನು ತಿರುಗಿಸಿದಂತೆ ಬ್ಲೇಡು ಮಲಗುವ ಜಾಗವೂ ಸರಿಯುತ್ತದೆ. ಅಂಚಿಗೆ ಸಮವಾಗಿ ಬಂದಲ್ಲಿ ಬಿಗಿದೆವು.

ಪೇಟೆಗೆ ಹೋದಾಗ ಸಾಬರಿಗೆ ದೊಡ್ಡಪ್ಪ ನಡೆದದ್ದನ್ನೆಲ್ಲ ಹೇಳಿದರು. ಸಾಬರು ಬಂದು ತಾವೇ ಗುಂಡಿ ಎಳೆದು ನೋಡಿದರು. ಬಲ್ಬಿನ ಲೆಕ್ಕವನ್ನು ನನ್ನ ಬಾಯಿಂದ ಇನ್ನೊಂದು ಸಲ ಹೇಳಿಸಿ, ಗಮನವಿಟ್ಟು ಕೇಳಿದರು. ಮುಂದಿನ ಸಲ ಅವರ ಅಂಗಡಿಗೆ ಹೋದಾಗ ಟೆಸ್ಟ್ ಲ್ಯಾಂಪಿನ ಪಕ್ಕದಲ್ಲಿ ಹಳೆಯ ಹೆಡ್‌ಲೈಟಿನ ಬಲ್ಬಿಗೆ ತಂತಿ ಕಟ್ಟಿ ತೂಗುಹಾಕಿದ್ದು ಕಂಡೆ. ಹೆಡ್‌ಲೈಟಿನ ಬಲ್ಬು ಮೂರು ನಾಲ್ಕು ಆಂಪಿಯರ್ ಎಳೆಯುತ್ತದೆ, ಸೋತ ಸ್ವಿಚ್ಚಿನ ಗುಟ್ಟು ಅದರೆದುರು ನಿಲ್ಲುವುದಿಲ್ಲ. ನಾನು ಹೇಳಿದ್ದು ಲೆಕ್ಕ, ಅವರು ಮಾಡಿಕೊಂಡದ್ದು ಉಪಕರಣ.

ಸ್ವಿಚ್ಚು ಸಿಗದವರು ಅದೇ ಜಾಗದಲ್ಲಿ ಟ್ರ್ಯಾಕ್ಟರಿನದೋ ಮನೆಯದೋ ಸ್ವಿಚ್ಚು ಹಾಕಿಸಿಕೊಂಡದ್ದನ್ನು ಆಮೇಲೆ ಹಲವು ಹೆರಾಲ್ಡುಗಳಲ್ಲಿ ನೋಡಿದ್ದೇನೆ. ಹಾಕುವುದರಲ್ಲಿ ತಪ್ಪಿಲ್ಲ. ಆದರೆ ಹಾಕುವವರು ಹಸಿರು ತಂತಿಯನ್ನು ಕತ್ತರಿಸಿ ಸ್ವಿಚ್ಚನ್ನು ಅಲ್ಲಿ ಸೇರಿಸುತ್ತಾರೆ, ಅರ್ತಿಂಗಿನ ಕಡೆಯನ್ನು ಕಾಯಮ್ಮಾಗಿ ಗಾಡಿಯ ಬಾಡಿಗೆ ಜೋಡಿಸಿಬಿಡುತ್ತಾರೆ. ಆಗ ಬಂದ್ ಮಾಡಿದ ಗಳಿಗೆಗೆ ಬ್ಲೇಡು ಎಲ್ಲಿದೆಯೋ ಅಲ್ಲೇ ಕಣ್ಣಿಗೆ ಅಡ್ಡವಾಗಿ ನಿಲ್ಲುತ್ತದೆ. ಈಚಿನ ವರ್ಷಗಳಲ್ಲಿ ಹಳೆಯ ಕಾರುಗಳನ್ನು ಪ್ರೀತಿಯಿಂದ ಸಾಕುವ ಹುಡುಗರು ಹೆಚ್ಚಾಗಿದ್ದಾರೆ, ಬಣ್ಣ, ಕ್ರೋಮ್ ಎಂದು ಲಕ್ಷಗಟ್ಟಲೆ ಸುರಿಯುತ್ತಾರೆ. ಅಂಥವರು ಸಿಕ್ಕಾಗಲೆಲ್ಲ ನಾನು ಹೇಳುವುದು ಇದೇ: ಹಸಿರು ತಂತಿಗೆ ಕತ್ತರಿ ಹಾಕಬೇಡಿ.

ಆ ಮಳೆಗಾಲವೆಲ್ಲ ಹೆರಾಲ್ಡ್ ಘಾಟಿ ಇಳಿದು ಹತ್ತಿತು. ದೊಡ್ಡಮ್ಮ ಎರಡೂ ಕೈಯನ್ನು ಶಾಲಿನೊಳಗೆ ಇಟ್ಟುಕೊಂಡು ಕೂರುತ್ತಿದ್ದರು, ಕೆಲವು ಸಲ ಹೆಬ್ರಿಯವರೆಗೂ ನಿದ್ದೆ ಮಾಡುತ್ತಿದ್ದರು. ಅವರು ಹೋದ ಮೇಲೂ ದೊಡ್ಡಪ್ಪ ಬಹಳ ವರ್ಷ ಆ ಗಾಡಿ ಇಟ್ಟುಕೊಂಡಿದ್ದರು. ಕಣ್ಣು ಮಂಜಾದ ಮೇಲೆ ಮಾರಲು ಒಪ್ಪಿದರು.

ಕೊಳ್ಳಲು ಬಂದವರು ಚಿತ್ರದುರ್ಗದ ಕಡೆಯ ಒಬ್ಬ ಮೇಷ್ಟರು. ಎಂಜಿನ್ನು, ಗೇರು, ಟೈರು ಎಲ್ಲ ನೋಡಿ ಆಗಿತ್ತು. ದೊಡ್ಡಪ್ಪ ಅವರನ್ನು ಸ್ಟೇರಿಂಗಿನ ಮುಂದೆ ಕೂರಿಸಿ, ಗಾಜಿಗೆ ನೀರು ಹೊಯ್ದು, ಗುಂಡಿ ಎಳೆದು ತೋರಿಸಿದರು. ಕೊಳವೆಯಲ್ಲಿ ಮಾಡಿದ ಆ ಎರಡು ಹಲ್ಲಿನ ಉಪಕರಣವನ್ನೂ ಬಟ್ಟೆಯಲ್ಲಿ ಸುತ್ತಿ ಕೈಗಿತ್ತು, ವರ್ಷಕ್ಕೊಂದು ಸಲ ಬಿಚ್ಚಿ ವ್ಯಾಸಲೀನ್ ಹಚ್ಚಬೇಕೆಂದರು.

"ನಮ್ ಕಡೆ ಮಳೆ ಎಲ್ಲೈತೆ ಯಜಮಾನ್ರೇ," ಎಂದರು ಮೇಷ್ಟರು. "ವೈಪರ್ ಹಾಕೋದೇ ಅಪರೂಪ."

"ಹಂಗಾರೆ ನೀವು ಇನ್ನೂ ಜಾಸ್ತಿ ನೋಡ್ಕಬೇಕು," ಎಂದರು ದೊಡ್ಡಪ್ಪ. "ಮಳೆ ಬರಲಿ ಬಿಡಲಿ, ವಾರಕ್ಕೊಂದ್ಸಲ ಗಾಜಿಗೆ ಒಂದು ಚೊಂಬು ನೀರು ಹೊಯ್ದು ಗುಂಡಿ ಎಳೀರಿ. ಒಣಗಾಜಿನ ಮೇಲೆ ಮಾತ್ರ ಓಡಿಸ್ಬೇಡಿ, ಗೀರು ಬೀಳ್ತದೆ."

ಮೇಷ್ಟರು ಜೇಬಿನಿಂದ ಪೆನ್ನು ತೆಗೆದು, ಆರ್‌ಸಿ ಪುಸ್ತಕದ ಜೊತೆಗಿದ್ದ ಚೀಟಿಯಲ್ಲಿ ಬರೆದುಕೊಂಡರು.